ಹಾಜರಿಯಲ್ಲಿ 2,000, ಮೈದಾನದಲ್ಲಿ 46

ನಮ್ಮ ಕನ್ನಡಿಗರ ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

ಎಂಟನೆಯ ತರಗತಿ ಓದುತ್ತಿರುವ ಮಗನೊಂದಿಗೆ ಬರುವ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಉತ್ತರಕ್ಕೆ ಬಂದು ನೆಲೆಸಲಿರುವ ತಾಯಿಯೊಬ್ಬರು ಕೇಳಿದ್ದ ಪ್ರಶ್ನೆಗೆ ಈಗಾಗಲೇ ಹಲವರು ಉತ್ತರಿಸಿದ್ದೀರಿ. ಹುಡುಗನಿಗೆ ಫುಟ್‌ಬಾಲ್ ಹುಚ್ಚು, ಅದೂ ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್. ಐದು ಸಾವಿರ ಮಕ್ಕಳಿರುವ ಹೈಸ್ಕೂಲಿನ ಆಲನ್‌ನಲ್ಲಿ ಮನೆ ಮಾಡಬೇಕೋ, ತಲಾ ಎರಡು ಸಾವಿರದ ಆಸುಪಾಸು ಮಕ್ಕಳ ಶಾಲೆಗಳಿರುವ ಫ್ರಿಸ್ಕೋದಲ್ಲಿ ಮಾಡಬೇಕೋ ಎಂಬುದು ಅವರ ಗೊಂದಲ. ಬಂದ ಉತ್ತರಗಳೆಲ್ಲ ಶಾಲೆಯ ರೇಟಿಂಗ್, ಆಸ್ತಿ ತೆರಿಗೆ, ದೇವಸ್ಥಾನಕ್ಕೆ ಎಷ್ಟು ದೂರ ಎನ್ನುವುದರ ಸುತ್ತಲೇ ಸುತ್ತಿವೆ. ಆಟದ ಮಾತನ್ನು ಯಾರೂ ಎತ್ತಿಲ್ಲ. ನನ್ನ ಮಗ ಇಲ್ಲಿ ಫ್ರಿಸ್ಕೋದ ಶಾಲೆಯೊಂದರಲ್ಲಿ ನಾಲ್ಕು ವರ್ಷ ಲೈನ್‌ಮನ್ ಆಗಿ, ಅಂದರೆ ಎದುರಾಳಿಯನ್ನು ಮೈಯೊಡ್ಡಿ ತಡೆಯುವ ಮುಂಸಾಲಿನ ಆಟಗಾರನಾಗಿ, ಆಡಿ ಕಾಲೇಜು ಸೇರಿದ್ದಾನೆ. ಆ ನಾಲ್ಕು ವರ್ಷಗಳ ಶುಕ್ರವಾರ ರಾತ್ರಿಗಳಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ. ಬರಹ ಕೊಂಚ ಉದ್ದವಾದೀತು, ಸಹಿಸಿಕೊಳ್ಳಿ.

ಮೊದಲು ಲೆಕ್ಕಾಚಾರ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಪಂದ್ಯಗಳನ್ನು ನಡೆಸುವುದು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ಯುಐಎಲ್ ಎಂಬ ಸಂಸ್ಥೆ. ಎರಡು ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಲ್ಲಿ ಶಾಲೆಯಲ್ಲಿರುವ ಮಕ್ಕಳ ತಲೆ ಎಣಿಸಿ, ಶಾಲೆಗಳನ್ನು 1ಎ ಇಂದ 6ಎ ವರೆಗೆ ಆರು ವರ್ಗಗಳಾಗಿ ವಿಂಗಡಿಸುತ್ತಾರೆ. 2024ರ ವಿಂಗಡಣೆಯಲ್ಲಿ 2,275 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ದ ಶಾಲೆಗಳು 6ಎ ವರ್ಗಕ್ಕೆ ಸೇರಿದವು. ಚಿಕ್ಕವರು ಚಿಕ್ಕವರೊಂದಿಗೆ, ದೊಡ್ಡವರು ದೊಡ್ಡವರೊಂದಿಗೆ ಆಡಲಿ ಎಂಬುದು ಉದ್ದೇಶ. ನಮ್ಮ ಕಡೆಯ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಇಂತಹ ದಾಕ್ಷಿಣ್ಯವೇ ಇರಲಿಲ್ಲ. ನಾನು ಓದಿದ ಹಳ್ಳಿಯ ಹೈಸ್ಕೂಲಿನಿಂದ ಕಬಡ್ಡಿಗೆ ಹೋದ ಏಳು ಜನರೇ ಮಧ್ಯಾಹ್ನ ಖೋ ಖೋಗೂ ನಿಲ್ಲುತ್ತಿದ್ದೆವು, ಸಂಜೆ ರಿಲೇ ಓಟಕ್ಕೂ ನಮ್ಮಲ್ಲೇ ನಾಲ್ವರು. ಹಾಗಾಗಿ ಇಲ್ಲಿನ ವ್ಯವಸ್ಥೆಯನ್ನು ಮೊದಲ ಬಾರಿ ಕೇಳಿದಾಗ ಇದು ಬಹಳ ನ್ಯಾಯವಾದದ್ದೆಂದೇ ನನಗೆ ತೋರಿತ್ತು.

ಆದರೆ ಮೇಲಿನ ವರ್ಗಕ್ಕೆ ಕೆಳಗಿನ ಗಡಿಯಿದೆಯೇ ಹೊರತು ಮೇಲಿನ ಗಡಿಯಿಲ್ಲ. 2,300 ಮಕ್ಕಳ ಶಾಲೆಯೂ ಐದು ಸಾವಿರ ದಾಟಿದ ಆಲನ್ ಶಾಲೆಯೂ ಒಂದೇ 6ಎ ವರ್ಗದಲ್ಲಿ ಎದುರಾಗಬಹುದು. ಊರು ಎಷ್ಟೇ ಬೆಳೆದರೂ ಒಂದೇ ಹೈಸ್ಕೂಲು ಸಾಕೆಂದು ಆಲನ್ ಜನ ಹಟ ಹಿಡಿದರು. 2012ರಲ್ಲಿ ಆರು ಕೋಟಿ ಡಾಲರ್ ವೆಚ್ಚದಲ್ಲಿ, 18,000 ಜನ ಕೂರಬಲ್ಲ ಕ್ರೀಡಾಂಗಣವನ್ನು ಆ ಒಂದು ಶಾಲೆಗಾಗಿ ಕಟ್ಟಿಸಿದರು. ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಅದನ್ನು ಮುಚ್ಚಿ, ದುರಸ್ತಿ ಮಾಡಿ ಮರುವರ್ಷ ತೆರೆದದ್ದೂ ಉಂಟು. ಆದರೇನು, 2012, 2013, 2014ರಲ್ಲಿ ಸತತವಾಗಿ ರಾಜ್ಯ ಪ್ರಶಸ್ತಿ ಅವರದೇ ಆಯಿತು. ಅವರ ಬ್ಯಾಂಡ್‌ನಲ್ಲೇ 600ಕ್ಕೂ ಹೆಚ್ಚು ಮಕ್ಕಳಿರುತ್ತಾರೆ. ವಿರಾಮದ ವೇಳೆಯಲ್ಲಿ ಅವರು ಮೈದಾನಕ್ಕಿಳಿದರೆ ಹುಲ್ಲೇ ಕಾಣುವುದಿಲ್ಲ.

ಪಕ್ಕದ ಫ್ರಿಸ್ಕೋ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 2003ರವರೆಗೆ ಒಂದೇ ಹೈಸ್ಕೂಲಿದ್ದ ಊರಿನ ಶಿಕ್ಷಣ ಮಂಡಳಿ, ಪ್ರತಿ ಶಾಲೆಗೂ ಸುಮಾರು 2,100 ಮಕ್ಕಳ ಮಿತಿ ಇಟ್ಟುಕೊಂಡು, ಊರು ಬೆಳೆದಂತೆಲ್ಲ ಶಾಲೆಗಳನ್ನು ದೊಡ್ಡದು ಮಾಡುವ ಬದಲು ಹೊಸದನ್ನು ಕಟ್ಟುತ್ತಾ ಹೋಯಿತು, 2022ಕ್ಕೆ ಹನ್ನೆರಡಾದವು. ಒಂದು ಊರಿಗೆ ಒಂದೇ ತಂಡವಿದ್ದರೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ, ನಾಟಕದ ನಾಯಕಿ ಒಬ್ಬಳೇ, ಚರ್ಚಾಸ್ಪರ್ಧೆಯ ತಂಡ ಒಂದೇ. ಹನ್ನೆರಡು ಶಾಲೆಗಳಿದ್ದರೆ ಅವಕಾಶಗಳೂ ಹನ್ನೆರಡು ಪಟ್ಟು. ಇದರಿಂದಾಗಿ ಇಲ್ಲಿನ ಶಾಲೆಗಳು ಬಹುಮಟ್ಟಿಗೆ 5ಎ ವರ್ಗದಲ್ಲೇ ಉಳಿದವು. ವಾರಕ್ಕೊಂದರಂತೆ ನಡೆಯುವ ಪಂದ್ಯಗಳಲ್ಲಿ ಆರಂಭದ ಕೆಲವನ್ನು ಮಾತ್ರ ಶಾಲೆಗಳು ತಾವೇ ಗೊತ್ತುಮಾಡಿಕೊಳ್ಳುತ್ತವೆ. ದೊಡ್ಡ ಶಾಲೆಗಳ ಎದುರು ನಮ್ಮ ಹುಡುಗರು ಪೆಟ್ಟು ತಿನ್ನುವುದು ಹೆಚ್ಚಾಗಿ ಆ ವಾರಗಳಲ್ಲೇ.

ಈಗ ಈ ಗುಂಪಿನಲ್ಲಿ ಹೇಳಲು ತುಸು ಮುಜುಗರವಾಗುವ ಮಾತು. ತಲೆ ಎಣಿಸುವಾಗ ನಮ್ಮ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ, ಆಡುವಾಗ ಬರುವುದಿಲ್ಲ. ಫ್ರಿಸ್ಕೋದ ಶಾಲೆಗಳಲ್ಲಿ ಏಷ್ಯಾ ಮೂಲದ ಮಕ್ಕಳು ಈಗ ಬಹುದೊಡ್ಡ ಭಾಗ, ಅದರಲ್ಲಿ ಭಾರತೀಯರೇ ಹೆಚ್ಚು. ಈ ಮಕ್ಕಳು ಟೆನಿಸ್ ಆಡುತ್ತಾರೆ, ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾರೆ, ರೋಬಾಟಿಕ್ಸ್‌ಗೆ ಹೋಗುತ್ತಾರೆ, ಶನಿವಾರ ಕನ್ನಡ ಕಲಿಯಲೂ ಬರುತ್ತಾರೆ. ಫುಟ್‌ಬಾಲ್‌ಗೆ ಮಾತ್ರ ಹೆಸರು ಕೊಡುವುದಿಲ್ಲ. ಕೊಟ್ಟರೂ ನಾವು ಬಿಡುವುದಿಲ್ಲ, ನಾನೂ ಮೊದಮೊದಲು ಬಿಡಲು ಒಪ್ಪಿರಲಿಲ್ಲ. ಹೀಗಾಗಿ ಕಾಗದದ ಮೇಲೆ ಎರಡು ಸಾವಿರವಿರುವ ಶಾಲೆಗೆ ಫುಟ್‌ಬಾಲ್ ಮಟ್ಟಿಗೆ ಸಿಗುವುದು ಅದರ ಅರ್ಧದಷ್ಟು ಮಕ್ಕಳಿರುವ ಊರಿನ ಶಾಲೆಗೆ ಸಿಗುವಷ್ಟೇ ಹುಡುಗರು. ಇದು ನನ್ನ ಕಣ್ಣಂದಾಜು, ಸಮೀಕ್ಷೆಯಲ್ಲ. ಆದರೆ ಕೋಚ್ ಒಬ್ಬರು ನನ್ನೊಂದಿಗೆ ಮಾತನಾಡುವಾಗ ಹೆಚ್ಚುಕಡಿಮೆ ಇದನ್ನೇ, ನನಗೆ ನೋವಾಗದ ಹಾಗೆ ಎಚ್ಚರವಹಿಸಿ ಹೇಳಿದ್ದರು.

ಮಗ ಹನ್ನೊಂದನೆಯ ತರಗತಿಯಲ್ಲಿದ್ದಾಗಿನ ಒಂದು ಪಂದ್ಯ ನೆನಪಿದೆ. ಆಗಸ್ಟ್ ಕೊನೆ. ರಾತ್ರಿ ಏಳೂವರೆಯಾದರೂ ಬೆಂಚಿನ ಅಲ್ಯೂಮಿನಿಯಂ ಕಾವು ಆರಿರಲಿಲ್ಲ. ಎದುರಾಳಿ ನಮ್ಮ ಎರಡು ಪಟ್ಟು ಮಕ್ಕಳಿದ್ದ 6ಎ ಶಾಲೆ. ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ ಎರಡೂ ತಂಡದ ಹೆಸರುಗಳಿದ್ದವು. ಆಟ ಶುರುವಾಗುವ ತನಕ ಬೇರೆ ಕೆಲಸವಿಲ್ಲದೆ ನಾನು ಎಣಿಸಿದೆ. ನಮ್ಮವರು 46, ಅವರು 104. ಅವರ ಕಡೆಯ ಗೆರೆಯುದ್ದಕ್ಕೂ ಹುಡುಗರು ಎರಡು ಸಾಲಾಗಿ ನಿಂತಿದ್ದರೆ ನಮ್ಮ ಕಡೆ ಒಬ್ಬರಿಂದೊಬ್ಬರಿಗೆ ಮಾರು ದೂರವಿತ್ತು. ಮೈದಾನದಲ್ಲಿ ಒಮ್ಮೆಗೆ ಇರುವುದು ಹನ್ನೊಂದೇ ಜನ, ಉಳಿದವರು ಎಷ್ಟಿದ್ದರೇನು ಎಂದು ನನ್ನ ಪತ್ನಿ ಕೇಳಿದಳು. ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ, ಅಂದರೆ ಪಾಲುಗಳಲ್ಲಿ, ಮೊದಲ ಎರಡರಲ್ಲಿ ಅವಳ ಮಾತೇ ನಿಜವೆನ್ನಿಸಿತು. ವಿರಾಮಕ್ಕೆ ಬಂದಾಗ ನಾವು ಮೂರೇ ಅಂಕ ಹಿಂದಿದ್ದೆವು.

ವ್ಯತ್ಯಾಸ ಕಾಣಿಸಿದ್ದು ಆಮೇಲೆ. ದೊಡ್ಡ ಶಾಲೆಯಲ್ಲಿ ಚೆಂಡು ತಮ್ಮ ಕೈಯಲ್ಲಿದ್ದಾಗ ಮುನ್ನುಗ್ಗುವ ಅಫೆನ್ಸ್‌ಗೆ ಹನ್ನೊಂದು ಜನ, ಎದುರಾಳಿಯನ್ನು ತಡೆಯುವ ಡಿಫೆನ್ಸ್‌ಗೆ ಬೇರೆಯೇ ಹನ್ನೊಂದು ಜನ, ಪ್ರತಿಯೊಬ್ಬರ ಹಿಂದೆ ಅವನಷ್ಟೇ ಬಲದ ಇನ್ನೊಬ್ಬ. ಚೆಂಡು ಕೈ ಬದಲಾದ ಕೂಡಲೇ ಒಂದು ಗುಂಪು ಹೋಗಿ ನೀರು ಕುಡಿದು ಕೂರುತ್ತದೆ. ನಮ್ಮಲ್ಲಿ ಐದಾರು ಹುಡುಗರು ಎರಡೂ ಕಡೆ ಆಡುತ್ತಿದ್ದರು, ನನ್ನ ಮಗ ಅವರಲ್ಲೊಬ್ಬ. ಅಫೆನ್ಸ್‌ನಲ್ಲಿ ಗಾರ್ಡ್ ಆಗಿ ದಾರಿ ಬಿಡಿಸಬೇಕು, ಚೆಂಡು ಹೋದರೆ ಅಲ್ಲೇ ತಿರುಗಿ ನಿಂತು ಡಿಫೆನ್ಸ್‌ನಲ್ಲಿ ದಾರಿ ಮುಚ್ಚಬೇಕು. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನು ಪ್ರತಿ ಆಟದ ನಡುವೆಯೂ ಎರಡು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲುತ್ತಿದ್ದ. ಅವನೆದುರು ಬಂದು ನಿಂತ ಹುಡುಗನ ಬಿಳಿಯ ಜರ್ಸಿಯಲ್ಲಿ ಒಂದೇ ಒಂದು ಕಲೆಯಿರಲಿಲ್ಲ. ಆಗಷ್ಟೇ ಬೆಂಚಿನಿಂದ ಎದ್ದು ಬಂದವನು. ಕೊನೆಯ ಹನ್ನೆರಡು ನಿಮಿಷಗಳಲ್ಲಿ ಅವರು ಚೆಂಡನ್ನು ನಮ್ಮ ಗೆರೆ ದಾಟಿಸಿ ಮೂರು ಟಚ್‌ಡೌನ್ ಗಳಿಸಿದರು. ಆಟ ಮುಗಿದ ಮೇಲೆ ಮಗನ ಮೀನಖಂಡ ಸೆಳೆತ ಹಿಡಿದು, ಆಟಗಾರರ ಗಾಯ ನೋವು ನೋಡಿಕೊಳ್ಳುವ ಟ್ರೈನರ್ ಕೊಟ್ಟ ಪಿಕಲ್ ಜ್ಯೂಸನ್ನು, ಅಂದರೆ ಸೌತೆಕಾಯಿ ನೆನೆಹಾಕಿದ ಹುಳಿ ಉಪ್ಪುನೀರನ್ನು, ಮೂಗು ಮುಚ್ಚಿಕೊಂಡು ಕುಡಿದ. ಹಾಸನದಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಉಪ್ಪಿನಕಾಯಿಯ ರಸವೆಂದು ತಿಳಿಸಿದ್ದೇ ತಪ್ಪಾಯಿತು. ಮುಂದಿನ ವಾರ ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ ಅವನ ಬ್ಯಾಗಿನಲ್ಲಿತ್ತು.

ನಗೆ ಹಾಗಿರಲಿ, ದಣಿವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಣಿದ ಹುಡುಗ ತಲೆ ತಗ್ಗಿಸಿ ನುಗ್ಗುತ್ತಾನೆ, ಕುತ್ತಿಗೆಗೂ ತಲೆಗೂ ಪೆಟ್ಟು ಬೀಳುವುದು ಆಗಲೇ. ತಲೆಗೆ ಪೆಟ್ಟಾಗಿರುವ ಅನುಮಾನ ಬಂದರೆ ಆಟಗಾರನನ್ನು ಕೂಡಲೇ ಹೊರಗೆ ಕರೆಯಬೇಕು, ಆ ದಿನ ಮತ್ತೆ ಆಡಿಸಬಾರದು, ವೈದ್ಯರ ಲಿಖಿತ ಅನುಮತಿಯಿಲ್ಲದೆ ಅಭ್ಯಾಸಕ್ಕೂ ಸೇರಿಸಬಾರದು ಎಂದು 2011ರಲ್ಲಿ ಟೆಕ್ಸಾಸ್ ಕಾನೂನು ಮಾಡಿದೆ. ಕಾನೂನು ಒಳ್ಳೆಯದೇ. ಆದರೆ 104 ಜನರ ತಂಡದಲ್ಲಿ ಒಬ್ಬ ಹೊರಗೆ ಕೂತರೆ ಯಾರಿಗೂ ತಿಳಿಯುವುದಿಲ್ಲ, 46 ಜನರ ತಂಡದಲ್ಲಿ ಒಬ್ಬ ಲೈನ್‌ಮನ್ ಕೂತರೆ ಹತ್ತನೆಯ ತರಗತಿಯ ಹುಡುಗನನ್ನು ಅವನ ಜಾಗಕ್ಕೆ ಕಳಿಸಬೇಕಾಗುತ್ತದೆ. ತಲೆ ನೋಯುತ್ತಿದೆ ಎಂದು ಹೇಳಿಕೊಳ್ಳಲು ಹುಡುಗರೇ ಹಿಂಜರಿಯುವುದು ಇದೇ ಕಾರಣಕ್ಕೆ. ನನ್ನ ಮಗ ಒಮ್ಮೆ ಎರಡು ದಿನ ಮುಚ್ಚಿಟ್ಟಿದ್ದ. ಗೊತ್ತಾದ ರಾತ್ರಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ಚಿಕ್ಕ ತಂಡಗಳು ಗೆಲ್ಲುವುದೇ ಇಲ್ಲವೇ? ಗೆಲ್ಲುತ್ತವೆ, ಆದರೆ ಆಟದ ಬಗೆಯನ್ನೇ ಬದಲಾಯಿಸಿಕೊಂಡು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಸದಸ್ಯರಿಗೆ ಕಾಂಕರ್ಡ್‌ನ ಡಿ ಲಾ ಸಾಲ್ ಶಾಲೆ ಗೊತ್ತಿರುತ್ತದೆ. ಸುಮಾರು ಸಾವಿರ ಹುಡುಗರ ಆ ಶಾಲೆ, ಬಾಬ್ ಲಾಡುಸೋರ್ ಎಂಬ ಕೋಚ್ ಕೈಯಲ್ಲಿ, 1992ರಿಂದ 2004ರವರೆಗೆ ಸತತ 151 ಪಂದ್ಯ ಗೆದ್ದಿತು. ಅವರು ನೆಚ್ಚಿಕೊಂಡಿದ್ದು ವೀರ್ ಎಂಬ ಹಳೆಯ ಪದ್ಧತಿಯನ್ನು. ಚೆಂಡನ್ನು ದೂರ ಎಸೆಯದೆ, ಕೈಯಿಂದ ಕೈಗೆ ಕೊಡುವಂತೆ ನಟಿಸುತ್ತಾ ಓಡುತ್ತಾರೆ. ಎದುರಾಳಿಯ ಒಬ್ಬ ದೈತ್ಯನನ್ನು ಯಾರೂ ತಡೆಯದೆ ಬೇಕೆಂದೇ ಬಿಟ್ಟು, ಅವನು ಯಾರ ಮೇಲೆ ಬೀಳುತ್ತಾನೋ ನೋಡಿ ಚೆಂಡನ್ನು ಇನ್ನೊಬ್ಬನಿಗೆ ದಾಟಿಸುತ್ತಾರೆ. ಇದಕ್ಕೆ ಮೈಭಾರಕ್ಕಿಂತ ಚುರುಕು ಕಾಲು ಮುಖ್ಯ. ಜೊತೆಗೆ ಓಟದ ಆಟದಲ್ಲಿ ಗಡಿಯಾರ ನಿಲ್ಲದೆ ಓಡುವುದರಿಂದ ಪಂದ್ಯವೇ ಗಿಡ್ಡವಾಗಿ, ದಣಿಯುವ ಹೊತ್ತೂ ಕಡಿಮೆಯಾಗುತ್ತದೆ. ಆದರೆ ಈ ಉದಾಹರಣೆಯನ್ನು ತುಸು ಜರಡಿ ಹಿಡಿದೇ ನೋಡಬೇಕು: ಸಾವಿರವೂ ಹುಡುಗರೇ ಆದ್ದರಿಂದ ಅದು ಎರಡು ಸಾವಿರದ ಸಹಶಿಕ್ಷಣ ಶಾಲೆಗೆ ಸಮ, ಖಾಸಗಿ ಶಾಲೆಯಾದ್ದರಿಂದ ಹಲವು ಊರುಗಳಿಂದ ಮಕ್ಕಳು ಬರಬಹುದು. ಅಲ್ಲಿಯೂ ಹಾಜರಿಯ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ.

ನಿಜವಾಗಿಯೂ ಚಿಕ್ಕ ಶಾಲೆಗಳನ್ನು ನೋಡಬೇಕೆಂದರೆ ಪಶ್ಚಿಮ ಟೆಕ್ಸಾಸ್‌ಗೆ ಹೋಗಬೇಕು. 105ಕ್ಕಿಂತ ಕಡಿಮೆ ಮಕ್ಕಳಿರುವ 1ಎ ಶಾಲೆಗಳು ಹನ್ನೊಂದು ಜನರನ್ನು ಹುಡುಕುವ ಗೋಜಿಗೇ ಹೋಗದೆ ಆರು ಜನರ ಫುಟ್‌ಬಾಲ್ ಆಡುತ್ತವೆ. 1934ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನೆಬ್ರಾಸ್ಕದ ಸ್ಟೀಫನ್ ಎಪ್ಲರ್ ಎಂಬ ಶಿಕ್ಷಕರು ಹುಟ್ಟುಹಾಕಿದ ಆಟ ಇದು. ಮೈದಾನ 80 ಗಜ ಉದ್ದ, 40 ಗಜ ಅಗಲ. ಆರು ಜನರಲ್ಲಿ ಯಾರು ಬೇಕಾದರೂ ಚೆಂಡು ಹಿಡಿಯಬಹುದು. ಮೊದಲ ಅರ್ಧ ಮುಗಿದ ಮೇಲೆ ಯಾವ ಹೊತ್ತಿನಲ್ಲಾದರೂ ಒಂದು ತಂಡ 45 ಅಂಕ ಮುಂದಿದ್ದರೆ ಅಲ್ಲಿಗೇ ಆಟ ನಿಲ್ಲಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ತಲೆ ಎಣಿಸಿ ವಿಂಗಡಿಸುವುದಕ್ಕಿಂತ, ಇರುವ ಮಕ್ಕಳಿಗೆ ತಕ್ಕಂತೆ ಆಟವನ್ನೇ ಕತ್ತರಿಸಿ ಹೊಲಿದುಕೊಂಡ ಈ ಉಪಾಯ ನನಗೆ ಹೆಚ್ಚು ಹಿಡಿಸುತ್ತದೆ. ಫ್ರಿಸ್ಕೋದಂತಹ ಊರಿಗೆ ಅದು ಒಗ್ಗದು ಎಂಬುದು ಬೇರೆ ಮಾತು.

ಓದಿನ ಚಿಂತೆ ವ್ಯಕ್ತಪಡಿಸಿದವರಿಗೆ ಒಂದು ಮಾಹಿತಿ: 1984ರಿಂದ ಈ ರಾಜ್ಯದಲ್ಲಿ ಪಾಸಾಗದಿದ್ದರೆ ಆಟವಿಲ್ಲ ಎಂಬ ನಿಯಮವಿದೆ. ಸಾಮಾನ್ಯವಾಗಿ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಹುಡುಗ ಕೆಲಕಾಲ ಪಂದ್ಯದಿಂದ ಹೊರಗೆ. ನನ್ನ ಹತ್ತು ಬೈಗುಳ ಮಾಡದ ಕೆಲಸವನ್ನು ಕೋಚ್‌ನ ಒಂದು ನೋಟ ಮಾಡಿತು.

ಇನ್ನು ಪ್ರಶ್ನೆ ಕೇಳಿದ ತಾಯಿಯವರಿಗೆ. ನಿಮ್ಮ ಮಗ ಎಂಟನೆಯ ತರಗತಿಗೇ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ವೇಗ ಎಂದಾದರೆ ಆಲನ್‌ನಲ್ಲಿ ಅವನಿಗೆ ಸಿಗುವ ತರಬೇತಿ ಇಲ್ಲಿ ಸಿಗದು, ಅದನ್ನು ಒಪ್ಪಿಕೊಳ್ಳಬೇಕು. ಅವನು ನನ್ನ ಮಗನಂತೆ ಸಾಧಾರಣ ಆಟಗಾರನಾದರೆ, ಅಲ್ಲಿ ನಾಲ್ಕು ವರ್ಷವೂ ಆ ಎರಡು ಸಾಲಿನ ಹಿಂದಿನ ಸಾಲಿನಲ್ಲೇ ನಿಲ್ಲುವ ಸಂಭವ ಹೆಚ್ಚು. ಇಲ್ಲಿ ಆಡುತ್ತಾನೆ, ಸೋಲುತ್ತಾನೆ, ಸೆಳೆತ ಹಿಡಿದು ಕುಂಟುತ್ತಾ ಕಾರು ಹತ್ತುತ್ತಾನೆ. ಮನೆ ನೋಡಲು ಬಂದಾಗ ಕೋಚ್‌ರನ್ನು ಭೇಟಿಯಾಗಿ, ಗೆದ್ದ ಪಂದ್ಯಗಳೆಷ್ಟು ಎಂದು ಕೇಳುವ ಮೊದಲು, ಹೋದ ವರ್ಷ ಪಟ್ಟಿಯಲ್ಲಿದ್ದವರು ಎಷ್ಟು, ಎರಡೂ ಕಡೆ ಆಡಿದವರು ಎಷ್ಟು, ಟ್ರೈನರ್ ದಿನವೂ ಮೈದಾನದಲ್ಲಿರುತ್ತಾರೆಯೇ ಎಂದು ಕೇಳಿ. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಒಮ್ಮೆ ನೀವೇ ಎಣಿಸಿ.

ಸೆಪ್ಟೆಂಬರ್‌ನೊಳಗೆ ಬರುವುದಾದರೆ ಒಂದು ಶುಕ್ರವಾರ ನಮ್ಮೊಂದಿಗೆ ಪಂದ್ಯಕ್ಕೆ ಬನ್ನಿ. ಮಗ ಶಾಲೆ ಬಿಟ್ಟರೂ ತಿಂಡಿ ಅಂಗಡಿಯ ಪಾಳಿಯನ್ನು ನಾನು ಬಿಟ್ಟಿಲ್ಲ. ಕ್ರೀಡಾಂಗಣದೊಳಗೆ ಪಾರದರ್ಶಕ ಚೀಲವನ್ನಷ್ಟೇ ಬಿಡುತ್ತಾರೆ, ಆದ್ದರಿಂದ ಪುಳಿಯೋಗರೆ ಡಬ್ಬಿಯನ್ನು ಕಾರಿನಲ್ಲೇ ಖಾಲಿ ಮಾಡಿಕೊಂಡು ಒಳಗೆ ಹೋಗೋಣ.