ಡೇರೆ (ಡೇಲಿಯಾ) ಗಿಡ ಮಳೆಗೆ ಬಾಡುತ್ತಿದೆ, ಇನ್ನೂ ಗೊಬ್ಬರ ಹಾಕಬೇಕಾ?

ಪ್ರಶ್ನೆ (ಸದಸ್ಯೆ, ಚಿಕ್ಕಮಗಳೂರು): ಸರ್, ಹೋದ ತಿಂಗಳು ನಮ್ಮ ಕೈತೋಟದ ಬಳಗದಲ್ಲಿ ಗೆಡ್ಡೆ ಹಂಚಿಕೊಂಡೆವಲ್ಲ, ನನಗೆ ಆರು ಡೇರೆ ಗೆಡ್ಡೆ ಸಿಕ್ಕಿತ್ತು. ಕುಂಡದಲ್ಲಿ ನೆಟ್ಟೆ. ಮೂರು ಚಿಗುರಲೇ ಇಲ್ಲ. ಇನ್ನೆರಡು ಗಿಡ ಗೇಣುದ್ದ ಬೆಳೆದು ಈಗ ಹಳದಿಯಾಗಿ ಬಾಡುತ್ತಿವೆ. ಒಂದು ಮಾತ್ರ ಚೆನ್ನಾಗಿದೆ. ಆರಿದ್ರ ಮಳೆ ಬಿಡುತ್ತಲೇ ಇಲ್ಲ. ಸಗಣಿ ಗೊಬ್ಬರ ಜಾಸ್ತಿನೇ ಹಾಕಿದ್ದೆ, ಇನ್ನೂ ಬೇಕಾ?

ಉತ್ತರ: ಬೇಡ ಮೇಡಂ. ಗೊಬ್ಬರದ ಮಾತು ಮೊಗ್ಗು ಬಂದ ಮೇಲೆ. ಮೊದಲು ಕುಂಡಗಳನ್ನು ಸೂರಿನ ನೀರು ಬೀಳದ ಕಡೆ ಸರಿಸಿ, ಎರಡು ಇಟ್ಟಿಗೆ ಮೇಲೆ ಇಡಿ. ತಳದ ತೂತು ಮುಚ್ಚಿದೆಯಾ ನೋಡಿ.

ಗಿಡ ಬಾಡಿದರೆ ನೀರು ಕಮ್ಮಿ ಅಂದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಉಲ್ಟಾ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಸತ್ತರೆ ಸುತ್ತ ಎಷ್ಟು ನೀರಿದ್ದರೂ ಗಿಡ ಹೀರಲಾರದು. ನಾನು ನೋಡಿದ ಕುಂಡದ ಗಿಡಗಳಲ್ಲಿ ಈ ಕಾಲದಲ್ಲಿ ರೋಗಕ್ಕಿಂತ ಹೀಗೆ ಸತ್ತವೇ ಹೆಚ್ಚು.

ಬಾಡಿದ ಎರಡನ್ನೂ ಮೆಲ್ಲಗೆ ಬಿಡಿಸಿ ಗೆಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಬದುಕುತ್ತದೆ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆತಷ್ಟನ್ನೂ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ. ಗಾಯಕ್ಕೆ ಒಲೆ ಬೂದಿ ಹಚ್ಚಿ ಒಂದು ದಿನ ನೆರಳಿನಲ್ಲಿ ಆರಲು ಬಿಡಿ. ಆಮೇಲೆ ಹೊಸ ಮಣ್ಣಿಗೆ ನೆಡಿ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿ ಖಂಡಿತ ಬೇಡ.

ಚಿಗುರದ ಮೂರರದ್ದು ಬೇರೆ ಕಥೆ ಇರಬಹುದು. ಹಾಸನದ ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಹಳೆ ಕಾಂಡ ಕೂಡುವ ಕತ್ತಿನ ಹತ್ತಿರ ಮಾತ್ರ ಕಣ್ಣು ಇರುತ್ತದೆ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪ ಇರಲಿ, ಚಿಗುರುವುದಿಲ್ಲ. ಮುಂದಿನ ಸಲ ಹಂಚುವಾಗ ಪ್ರತಿ ಗೆಡ್ಡೆಗೂ ಒಂದು ತುಂಡು ಕಾಂಡ ಸೇರಿಸಿಯೇ ಸೀಳೋಣ.

ಚೆನ್ನಾಗಿರುವ ಗಿಡದ ಕುಡಿ ಚಿವುಟಿ. ನಾಲ್ಕು ಬೆರಳುದ್ದದ ಕುಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ ಒದ್ದೆ ಮರಳಿಗೆ ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ನಮ್ಮ ಮಲೆನಾಡಿನ ಅಂಗಳಗಳಲ್ಲಿ ಡೇರೆ ಹಬ್ಬಿದ್ದೇ ಹೀಗೆ, ಬೇಲಿಯಾಚೆಯಿಂದ ಒಂದು ಕುಡಿ ಕೇಳಿ ತಂದು. ಮೆಕ್ಸಿಕೋದ ಎತ್ತರದ ಪ್ರದೇಶದ ಹೂವು ಇದು. ಅಲ್ಲೂ ಬೆಳೆಯುವ ಕಾಲಕ್ಕೆ ಮಳೆ, ಆಮೇಲೆ ಒಣ ಚಳಿ. ನಮ್ಮ ಹವೆಗೆ ಅಷ್ಟು ಹೊಂದಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ಸದಸ್ಯೆ: ತುಂಬಾ ಥ್ಯಾಂಕ್ಸ್ ಸರ್. ಬಿಡಿಸಿ ನೋಡಿದೆ, ಒಂದು ಗಟ್ಟಿ ಇದೆ! ಉಳಿದದ್ದನ್ನು ಮುಂದಿನ ವರ್ಷಕ್ಕೆ ಕಾಪಾಡುವುದು ಹೇಗೆ?

ಉತ್ತರ: ಒಳ್ಳೆಯದಾಯ್ತು. ಹೂವು ಮುಗಿದು ಗಿಡ ತಾನಾಗಿ ಒಣಗಲಿ, ಅವಸರ ಬೇಡ. ನಾಲ್ಕು ಬೆರಳು ಕಾಂಡ ಬಿಟ್ಟು ಕತ್ತರಿಸಿ, ಗೊಂಚಲು ಮುರಿಯದ ಹಾಗೆ ಅಗೆಯಿರಿ. ಒಣ ಮರಳಿನಲ್ಲಿ ಹೂತು ತಂಪು ಜಾಗದಲ್ಲಿಡಿ. ತಿಂಗಳಿಗೊಮ್ಮೆ ನೋಡಿ, ಸುಕ್ಕಾಗಿದ್ದರೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ. ಮೇ ತಿಂಗಳ ಮಳೆ ಬಿದ್ದ ಮೇಲೆ ಮತ್ತೆ ನೆಡಿ.

ಪ್ರಶ್ನೆ (ಮೂಡಿಗೆರೆ): ಬಸವನಹುಳು ರಾತ್ರಿ ಬಂದು ಡೇರೆ ಚಿಗುರನ್ನೆಲ್ಲ ತಿಂದು ಹಾಕುತ್ತಿವೆ. ಉಪ್ಪು ಹಾಕಲಾ?

ಉತ್ತರ: ಮಣ್ಣಿಗೆ ಉಪ್ಪು ಬೇಡವೇ ಬೇಡ, ಗಿಡವೇ ಸಾಯುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಅಲ್ಲೇ ಗುಂಪಾಗಿರುತ್ತವೆ. ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆ ನೀರನ್ನು ತೋಟದಿಂದ ದೂರ ಚೆಲ್ಲಿ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ತಂದು ಎರಚಬೇಡಿ. ನಾಯಿ ತಿಂದರೆ ಜೀವಕ್ಕೇ ಅಪಾಯ. ಬಿಡದೆ ಎರಡು ವಾರ ಆರಿಸಿ, ಅಕ್ಕಪಕ್ಕದವರೂ ಸೇರಿದರೆ ಮಾತ್ರ ಕಮ್ಮಿಯಾಗುತ್ತವೆ.

ಪ್ರಶ್ನೆ (ಕಡೂರು): ನಮ್ಮಲ್ಲಿ ಅಷ್ಟು ಮಳೆಯೇ ಇಲ್ಲ ಸರ್. ಇದೆಲ್ಲ ನಮಗೂ ಅನ್ವಯಿಸುತ್ತಾ?

ಉತ್ತರ: ಇಲ್ಲ. ಒಂದೇ ಜಿಲ್ಲೆಯಾದರೂ ನಿಮ್ಮದು ಬಯಲುಸೀಮೆ. ನೀವು ಬುಡಕ್ಕೆ ತರಗೆಲೆ ಹೊದಿಸಿ, ಮಧ್ಯಾಹ್ನ ನೆರಳು ಬೀಳುವ ಕಡೆ ನೆಡಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ.