ಮುಟ್ಟಿನ ದಿನಗಳಲ್ಲೇ ಫಿಟ್ಸ್ ಹೆಚ್ಚಾಗುವುದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆಯೇ?

ತುಂಗಾತೀರ:
ನನ್ನ ತಂಗಿಗೆ ಕಾಲೇಜಿಗೆ ಸೇರಿದಾಗಿನಿಂದ ಮೂರ್ಛೆರೋಗವಿದೆ. ನರರೋಗ ತಜ್ಞರು ಬರೆದುಕೊಟ್ಟ ಕಾರ್ಬಮಜೆಪೀನ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದೆ ನುಂಗುತ್ತಾಳೆ. ಆದರೂ ಮುಟ್ಟಾಗುವ ಒಂದೆರಡು ದಿನ ಮೊದಲು ಫಿಟ್ಸ್ ಶುರುವಾಗಿ, ಮುಟ್ಟು ನಿಲ್ಲುವ ಹೊತ್ತಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ತಿಂಗಳ ಉಳಿದ ದಿನಗಳಲ್ಲಿ ಬಹುಮಟ್ಟಿಗೆ ಚೆನ್ನಾಗಿರುತ್ತಾಳೆ. ಮನೆಯ ಹಿರಿಯರು ಇದನ್ನು ಮೈಲಿಗೆಯ ದೋಷವೆಂದು ತಿಳಿದು ಹರಕೆ ಹೊತ್ತಿದ್ದಾರೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಕೊಟ್ಟರೆ ಗುಣವಾಗುತ್ತದೆಂದು ಎಲ್ಲೋ ಓದಿದೆ. ಅದು ನಿಜವೇ?

ನರವಿಜ್ಞಾನದ ವಿದ್ಯಾರ್ಥಿನಿ:
ನೀವು ಗಮನಿಸಿರುವುದು ದೋಷವೂ ಅಲ್ಲ, ಭ್ರಮೆಯೂ ಅಲ್ಲ. 1857ರಲ್ಲೇ ಲಂಡನ್ನಿನ ಹೆರಿಗೆ ತಜ್ಞ ಚಾರ್ಲ್ಸ್ ಲೊಕಾಕ್, ಮುಟ್ಟಿನ ಆಸುಪಾಸಿನಲ್ಲಿ ಬರುವ ಫಿಟ್ಸ್‌ಗೆ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಫಲ ಕಂಡಿದ್ದಾಗಿ ಹೇಳಿದ್ದರು. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಸಾಮಾನ್ಯವಾಗಿ ಮೆದುಳಿನ ನರಕೋಶಗಳನ್ನು ಕೆರಳಿಸುತ್ತದೆ. ಪ್ರೊಜೆಸ್ಟರಾನ್ ದೇಹದೊಳಗೆ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಮಾರ್ಪಟ್ಟು, ಮೆದುಳನ್ನು ಶಾಂತವಾಗಿಡುವ ಗಾಬಾ ಗ್ರಾಹಕಗಳ ಕೆಲಸಕ್ಕೆ ಬಲ ಕೊಡುತ್ತದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ದಿಢೀರನೆ ಇಳಿದಾಗ ಆ ರಕ್ಷಣೆಯೂ ಒಮ್ಮೆಲೇ ತಪ್ಪಿಹೋಗುತ್ತದೆ. ಇದೇ ರೀತಿ ಅಂಡೋತ್ಪತ್ತಿಯ ಸಮಯದಲ್ಲಿ ಫಿಟ್ಸ್ ಹೆಚ್ಚಾಗುವವರೂ ಇದ್ದಾರೆ, ಅಂಡೋತ್ಪತ್ತಿ ಸರಿಯಾಗಿ ಆಗದ ತಿಂಗಳಲ್ಲಿ ಮುಟ್ಟಿನ ಚಕ್ರದ ಉತ್ತರಾರ್ಧವಿಡೀ ತೊಂದರೆಪಡುವವರೂ ಇದ್ದಾರೆ.

ಇನ್ನು ಚಿಕಿತ್ಸೆಯ ಮಾತು. ಅಮೆರಿಕದಲ್ಲಿ ಆಂಡ್ರ್ಯೂ ಹರ್ಜಾಗ್ ನೇತೃತ್ವದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 294 ಮಹಿಳೆಯರು ಭಾಗವಹಿಸಿದ್ದರು. ಕೆಲವರಿಗೆ ಚಕ್ರದ 14ರಿಂದ 28ನೇ ದಿನದವರೆಗೆ, ದಿನಕ್ಕೆ ಮೂರು ಬಾರಿ 200 ಮಿ.ಗ್ರಾಂ ಪ್ರೊಜೆಸ್ಟರಾನ್ ಕೊಟ್ಟರು. ಉಳಿದವರಿಗೆ ಔಷಧವಿಲ್ಲದ, ನೋಡಲು ಅದರಂತೆಯೇ ಇರುವ ಗುಳಿಗೆ. ಒಟ್ಟಾರೆ ಲೆಕ್ಕದಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಫಿಟ್ಸ್ ಉಳಿದ ದಿನಗಳ ಮೂರು ಪಟ್ಟಿಗೂ ಹೆಚ್ಚಾಗಿದ್ದವರನ್ನು ಪ್ರತ್ಯೇಕಿಸಿ ನೋಡಿದಾಗ ಅವರಿಗೆ ಉಪಯೋಗವಾದಂತೆ ಕಂಡಿತು. ಹೀಗೆ ಆಮೇಲೆ ವಿಂಗಡಿಸಿ ಕಂಡುಕೊಂಡ ಫಲಿತಾಂಶವನ್ನು ಸುಳಿವೆಂದು ಒಪ್ಪಬಹುದೇ ಹೊರತು ಪುರಾವೆಯೆಂದು ಅಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮೊದಲು ದಿನಚರಿ ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನಕ್ಕೆ ಕೆಂಪು ಶಾಯಿಯ ವೃತ್ತ, ಫಿಟ್ಸ್ ಬಂದ ದಿನಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಬಂದ ಹೊತ್ತು. ನಿದ್ದೆಗೆಟ್ಟಿದ್ದರೆ, ಜ್ವರವಿದ್ದರೆ ಅದನ್ನೂ ಬರೆಯಿರಿ. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಮುಂದಿಟ್ಟರೆ ವೈದ್ಯರಿಗೆ ಹತ್ತು ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ತುಂಗಾತೀರ:
ಬಹಳ ಉಪಕಾರವಾಯಿತು. ಅವಳ ಮದುವೆಯ ಮಾತುಕತೆಯೂ ನಡೆಯುತ್ತಿದೆ. ಈ ಮಾತ್ರೆಗಳಿಂದ ಮುಂದೆ ತೊಂದರೆಯಾದೀತೇ? ಗಂಡಿನ ಕಡೆಯವರಿಗೆ ಹೇಳಬಾರದೆಂದು ಮನೆಯಲ್ಲಿ ಒತ್ತಾಯವಿದೆ.

ಔಷಧಾಲಯದವರು:
ಕಾರ್ಬಮಜೆಪೀನ್, ಫೆನಿಟಾಯಿನ್ ಮತ್ತು ಫಿನೊಬಾರ್ಬಿಟಾಲ್ ಎಂಬ ಫಿಟ್ಸ್ ಮಾತ್ರೆಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಗುಳಿಗೆಯ ಹಾರ್ಮೋನ್ ಬೇಗ ಕರಗಿಹೋಗಿ, ಗುಳಿಗೆ ನುಂಗಿಯೂ ಗರ್ಭ ನಿಲ್ಲಬಹುದು. ಕಾಪರ್-ಟಿಗೆ ಈ ತೊಡಕಿಲ್ಲ. ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆಯ ವಿಷಯದಲ್ಲಿ ಸಮಸ್ಯೆ ತಿರುವುಮುರುವು: ಈಸ್ಟ್ರೋಜನ್ ಇರುವ ಗುಳಿಗೆಯೇ ಆ ಔಷಧದ ಪ್ರಮಾಣವನ್ನು ರಕ್ತದಲ್ಲಿ ಇಳಿಸಿ ಫಿಟ್ಸ್ ಮರುಕಳಿಸುವಂತೆ ಮಾಡಬಹುದು. ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿಬೆಳವಣಿಗೆಗೂ ಹಾನಿ ಮಾಡಬಲ್ಲದು. ಮಾತ್ರೆ ಬದಲಿಸುವ ಪ್ರಸ್ತಾಪ ಬಂದರೆ ಇದನ್ನು ಖಂಡಿತ ಕೇಳಿ. ಗರ್ಭ ಧರಿಸುವ ಮುಂಚಿನಿಂದಲೇ ಫೋಲಿಕ್ ಆಮ್ಲ ಬೇಕು, ಎಷ್ಟೆಂದು ವೈದ್ಯರು ಹೇಳುತ್ತಾರೆ. ಯಾವ ಕಾರಣಕ್ಕೂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಎಡೆಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವಿರುವ ಗರ್ಭಿಣಿಯರ ದಾಖಲೆ ಇಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನೇ ಹೆತ್ತಿದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ದಯವಿಟ್ಟು ಮುಚ್ಚಿಡಬೇಡಿ. ಮುಚ್ಚಿಟ್ಟ ಮನೆಗೆ ಹೋದ ಹುಡುಗಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಬಿಟ್ಟೇಬಿಡುತ್ತಾಳೆ. ಮದುವೆಗೆ ಮುಂಚೆಯೇ ಹುಡುಗನನ್ನೂ ಒಮ್ಮೆ ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.