ಒಪೆರಾ ಕಂಡಕ್ಟರ್ ಬಗ್ಗೆ ಸಾಮಾನ್ಯ ಓದುಗರಿಗೆ ಬರೆಯುವುದು ಹೇಗೆ? ಕರಡು ಬಯೋಡೇಟಾ ಥರ ಆಗಿದೆ

ಬಸವನಗುಡಿ_ಬರಹ ಕೇಳಿದ್ದು:

ನಮಸ್ಕಾರ. ಬೆಂಗಳೂರಿನ ಒಂದು ವಾರಪತ್ರಿಕೆಯ ವಿಶೇಷಾಂಕಕ್ಕೆ ಜುಬಿನ್ ಮೆಹ್ತಾ ಅವರ ಒಪೆರಾ (ಇಡೀ ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುವ ಪಾಶ್ಚಾತ್ಯ ಸಂಗೀತ ನಾಟಕ) ಕೆಲಸದ ಬಗ್ಗೆ 1,500 ಪದಗಳ ಲೇಖನ ತಯಾರಾಗಬೇಕು. ಸಿಂಫನಿ ವಾದ್ಯವೃಂದವನ್ನು ಕೈ ಸನ್ನೆಯಿಂದ ನಡೆಸುವ ಕಂಡಕ್ಟರ್ ಎಂದು ಅವರ ಹೆಸರು ನಮ್ಮವರಿಗೆ ಗೊತ್ತು, ಒಪೆರಾದ ಭಾಗ ಅಷ್ಟಾಗಿ ಗೊತ್ತಿಲ್ಲ. ಈಗಿನ ಕರಡು ಹೀಗಿದೆ: 1936ರಲ್ಲಿ ಮುಂಬೈಯಲ್ಲಿ ಜನನ, 1954ರಲ್ಲಿ ವಿಯೆನ್ನಾಕ್ಕೆ, 1965ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ಐಡಾ’, 1998ರಿಂದ 2006ರವರೆಗೆ ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾದ ಸಂಗೀತ ನಿರ್ದೇಶಕ. ಎಲ್ಲ ಸರಿಯಾಗಿದೆ, ಆದರೆ ಎರಡನೇ ಪ್ಯಾರಾಕ್ಕೆ ಓದುಗ ಪುಟ ತಿರುವುತ್ತಾನೆ.

ಓದುವವರು ಕರ್ನಾಟಕ ಸಂಗೀತ, ಭಾವಗೀತೆ, ಯಕ್ಷಗಾನ ಕೇಳಿ ಬೆಳೆದವರು. ಒಪೆರಾ ಒಂದನ್ನೂ ನೋಡಿರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು? ಸಂಗೀತದ ತಾಂತ್ರಿಕ ವಿಷಯ ಎಷ್ಟು ಹೇಳಬೇಕು? ಭಾಗವತರಿಗೆ ಹೋಲಿಸಿದರೆ ತಪ್ಪಾಗುತ್ತದೆಯೇ? ಮೈಸೂರು ಮಹಾರಾಜರ ನಂಟನ್ನೂ ತರಬೇಕೆಂಬ ಆಸೆ ಇದೆ.

ಪಿಟ್_ಸಾಲು:

ಇಸವಿಗಳನ್ನೆಲ್ಲ ಬದಿಯ ಬಾಕ್ಸಿಗೆ ಹಾಕಿಬಿಡಿ. ಈ ಮನುಷ್ಯ ಏನನ್ನು ಹಿಡಿದು ನಡೆಸುತ್ತಿದ್ದಾನೆ, ಅದು ಕೈತಪ್ಪಿದರೆ ಏನಾಗುತ್ತದೆ ಅನ್ನುವುದು ಓದುಗನಿಗೆ ಕಾಣಬೇಕು. ಮೆಹ್ತಾ ವಿಷಯದಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಸಂದರ್ಭವೇ ಇದೆ: 1992ರ ಜುಲೈ 11 ಮತ್ತು 12, ರೋಮ್, ಇಟಲಿಯ ಸಂಯೋಜಕ ಪುಚ್ಚೀನಿಯ ಒಪೆರಾ ‘ಟೋಸ್ಕಾ’.

ಈ ಒಪೆರಾದ ಮೂರು ಅಂಕಗಳು ನಡೆಯುವುದು ರೋಮಿನಲ್ಲಿ ಇವತ್ತಿಗೂ ಇರುವ ಮೂರು ಕಟ್ಟಡಗಳಲ್ಲಿ. ಆ ಸಲ ಟಿವಿಗಾಗಿ ಪ್ರತಿ ಅಂಕವನ್ನೂ ಅದದೇ ಜಾಗದಲ್ಲಿ, ಕಥೆಯಲ್ಲಿರುವ ಹೊತ್ತಿಗೇ ನೇರಪ್ರಸಾರ ಮಾಡಿದರು. ಮಧ್ಯಾಹ್ನ ಸಾಂತ್ ಆಂದ್ರೆಯಾ ದೆಲ್ಲಾ ವಾಲ್ಲೆ ಚರ್ಚು, ರಾತ್ರಿ ಫಾರ್ನೇಸೆ ಅರಮನೆ, ಮಾರನೇ ದಿನ ಬೆಳಗಿನ ಜಾವ ಸಾಂತ್ ಆಂಜೆಲೊ ಕೋಟೆ. ಹಾಡಿದವರು ಕ್ಯಾಥರೀನ್ ಮಾಲ್ಫಿಟಾನೊ, ಪ್ಲಾಸಿಡೊ ಡೊಮಿಂಗೊ, ರುಜ್ಜೇರೊ ರೈಮೊಂಡಿ. ಮೆಹ್ತಾ ಮತ್ತು ವಾದ್ಯವೃಂದ ಇದ್ದದ್ದು ಬೇರೆ ಕಡೆ, ಸ್ಟುಡಿಯೊದಲ್ಲಿ. ಗಾಯಕರು ಮಾನಿಟರ್‌ನಲ್ಲಿ ಅವರ ಕೈ ನೋಡಿ ಹಾಡಬೇಕು, ಅವರು ಪರದೆಯಲ್ಲಿ ಗಾಯಕರನ್ನು ನೋಡಿ ನಡೆಸಬೇಕು.

ಇದು ಯಾಕೆ ಕಷ್ಟ ಎಂದು ಎರಡು ವಾಕ್ಯದಲ್ಲಿ ಹೇಳಿಬಿಟ್ಟರೆ ಕಂಡಕ್ಟರ್ ಏನು ಮಾಡುತ್ತಾನೆ ಎಂದು ಪ್ರತ್ಯೇಕವಾಗಿ ವಿವರಿಸುವ ಕೆಲಸವೇ ಉಳಿಯುವುದಿಲ್ಲ. ಒಪೆರಾ ಮನೆಯಲ್ಲಿ ಕಂಡಕ್ಟರ್ ಗಾಯಕರ ಉಸಿರು ನೋಡುತ್ತಿರುತ್ತಾನೆ. ಎದೆ ಏರುವುದು ಕಂಡರೆ ಮುಂದಿನ ಸಾಲು ಎಷ್ಟು ಉದ್ದ ಎಳೆಯಬಹುದು ಎಂದು ಅವನಿಗೆ ಅಂದಾಜಾಗುತ್ತದೆ. ಅತ್ತ ಅವನ ಕೈ ಶಬ್ದಕ್ಕೂ ಒಂದು ಬೀಟ್ ಮೊದಲೇ ಮೇಲೇಳುತ್ತದೆ. ಆ ಸದ್ದಿಲ್ಲದ ಎತ್ತುಗೆಯಲ್ಲೇ ವೇಗ, ಜೋರು, ಉಸಿರು ತೆಗೆದುಕೊಳ್ಳುವ ಹೊತ್ತು ಎಲ್ಲವೂ ಇರುತ್ತದೆ. ರೋಮಿನಲ್ಲಿ ಈ ಕಣ್ಣುಕಣ್ಣಿನ ವ್ಯವಹಾರ ಪೂರ್ತಿ ಪರದೆಯ ಮೂಲಕವೇ ನಡೆಯಬೇಕಾಯಿತು.

ಮೊದಲ ಅಂಕದ ಕೊನೆಗೆ ಬರುವ ‘ತೆ ದೇಉಮ್’ (ಚರ್ಚಿನ ಸ್ತುತಿಗೀತೆ) ಒಂದನ್ನೇ ಹತ್ತಿರದಿಂದ ಬರೆಯಿರಿ. ನಾಲ್ಕೈದು ನಿಮಿಷದ ಭಾಗ ಅಷ್ಟೇ. ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಮುಂದೆ ನಿಂತು ತನ್ನ ಹುನ್ನಾರ ಹಾಡುತ್ತಿದ್ದಾನೆ, ಹಿಂದೆ ಭಕ್ತರ ಪ್ರಾರ್ಥನೆ ಗುಣುಗುಣು ಶುರುವಾಗಿ ಏರುತ್ತದೆ, ಆರ್ಗನ್ ಸೇರುತ್ತದೆ, ಕೈದಿ ತಪ್ಪಿಸಿಕೊಂಡದ್ದಕ್ಕೆ ಕೋಟೆಯಿಂದ ತೋಪು ಹಾರುತ್ತದೆ. ಇಷ್ಟೆಲ್ಲದರ ಕೆಳಗೆ ಗಂಟೆಗಳು ಎರಡೇ ಸ್ವರ ಬಾರಿಸುತ್ತಿರುತ್ತವೆ, ಬಿ ಫ್ಲಾಟ್ ಮತ್ತು ಎಫ್. ನಿಮ್ಮ ಓದುಗರಿಗೆ ಷಡ್ಜ ಪಂಚಮ ಎಂದರೆ ಸಾಕು, ಕಿವಿಗೆ ಕೇಳಿಸಿಬಿಡುತ್ತದೆ. ಗಂಟೆ, ತೋಪು, ಆರ್ಗನ್ ಮೂರೂ ಸಾಮಾನ್ಯವಾಗಿ ರಂಗದ ಹಿಂದೆ ಎಲ್ಲೋ ಇರುತ್ತವೆ, ಅಲ್ಲೊಬ್ಬ ಸಹಾಯಕ ಕಂಡಕ್ಟರ್ ಮಾನಿಟರ್ ನೋಡಿಕೊಂಡು ಸನ್ನೆ ಕೊಡುತ್ತಾನೆ. ಇಲ್ಲಿ ವೇಗ ಒಂದಿಷ್ಟು ಹೆಚ್ಚಿದರೆ ಗಂಟೆ ಮತ್ತು ಕೋರಸ್ ಬೇರೆಬೇರೆ ಆಗುತ್ತವೆ. ನಿಧಾನವಾದರೆ ಸ್ಕಾರ್ಪಿಯಾನ ಉಸಿರು ಸಾಲದು.

1,500 ಪದದಲ್ಲಿ ರೋಮಿಗೆ 400 ಕೊಡಿ. ಜನನ, ಶಿಕ್ಷಣ, ಹುದ್ದೆಗಳಿಗೆಲ್ಲ ಸೇರಿ 300 ಸಾಕು.

ಲಯ_ಮಾತ್ರೆ:

ತಾಂತ್ರಿಕ ವಿಷಯ ಎಷ್ಟು ಅಂತ ಕೇಳಿದಿರಿ. ಒಂದೇ ಒಂದು ಲೆಕ್ಕ ಕೊಡಿ, ಅದನ್ನು ಪೂರ್ತಿ ಕೊಡಿ. ತಾಳ ಗೊತ್ತಿರುವ ಓದುಗ ತಕ್ಷಣ ಹಿಡಿಯುತ್ತಾನೆ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರಂಗದ ಹಿಂಬದಿಯ ಕೋರಸ್ ಪಿಟ್‌ನಿಂದ (ರಂಗದ ಮುಂದೆ ವಾದ್ಯವೃಂದ ಕೂರುವ ತಗ್ಗು) 20 ಮೀಟರ್ ದೂರ ಇದ್ದರೆ ವಾದ್ಯದ ಸದ್ದು ಅವರಿಗೆ ಮುಟ್ಟಲು 60 ಮಿಲಿಸೆಕೆಂಡ್ ಬೇಕು. ಕೇಳಿಸಿಕೊಂಡು ಹಾಡಿದರೆ ಅವರ ದನಿ ಮುಂದಕ್ಕೆ ಬರಲು ಇನ್ನೊಂದು 60. ಒಟ್ಟು 120. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್ ಎಂದರೆ 500 ಮಿಲಿಸೆಕೆಂಡ್, ಚತುರಶ್ರ ನಡೆಯಲ್ಲಿ ಒಂದು ಮಾತ್ರೆಗೆ 125. ಅಂದರೆ ಕಿವಿ ನಂಬಿ ಹಾಡಿದ ಕೋರಸ್ ಹೆಚ್ಚುಕಡಿಮೆ ಒಂದು ಮಾತ್ರೆ ಹಿಂದೆ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಇದು ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೇ ಒಪೆರಾದಲ್ಲಿ ನಿಯಮ ಒಂದೇ: ಕೇಳಬೇಡ, ಕೈ ನೋಡು. ರಂಗದ ಹಿಂದಿನವರು ತಮಗೆ ಕೇಳುವುದಕ್ಕಿಂತ ಮುಂಚೆ ಹಾಡಬೇಕು, ತಮಗೆ ತಪ್ಪು ಅನ್ನಿಸುತ್ತಿದ್ದರೂ ಹಾಗೇ ಹಾಡಬೇಕು. ಮನುಷ್ಯನ ಕಿವಿಗೆ ಇದು ಬಹಳ ಕಷ್ಟದ ಶಿಸ್ತು. ಇದನ್ನು ಓದಿದ ಮೇಲೆ ಕೋಲು ಹಿಡಿದು ನಿಂತವನು ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ.

ಮಾನಿಟರ್ ವಿಷಯಕ್ಕೂ ಒಂದು ಮಾತು. ಹಳೇ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ತಡವಾಗುತ್ತಿರಲಿಲ್ಲ. ಡಿಜಿಟಲ್ ಚಪ್ಪಟೆ ಪರದೆಯಲ್ಲಿ ಚಿತ್ರ ಸಂಸ್ಕರಣೆಯಾಗಿ ಬರುವಾಗ ಒಂದೆರಡು ಫ್ರೇಮ್ ಹಿಂದಾಗಬಹುದು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದಕ್ಕೆ 40 ಮಿಲಿಸೆಕೆಂಡ್, ಎರಡು ಫ್ರೇಮ್‌ಗೆ 80. ಈ ಕಾರಣಕ್ಕೇ ಎಷ್ಟೋ ಒಪೆರಾ ಮನೆಗಳು ಅಂಗಡಿಯಲ್ಲಿ ಸಿಗದಂತಾದ ಮೇಲೂ ಹಳೇ ಟ್ಯೂಬ್ ಮಾನಿಟರ್‌ಗಳನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದವು. ಐಟಿಯವರೇ ತುಂಬಿರುವ ಈ ಊರಿನ ಓದುಗರಿಗೆ ಈ ವಿವರ ಖಂಡಿತ ಹಿಡಿಸುತ್ತದೆ.

ಉಳಿದ ಪಾರಿಭಾಷಿಕ ಪದಗಳಲ್ಲಿ ಪಿಟ್, ಸ್ಕೋರ್ (ಎಲ್ಲ ವಾದ್ಯ, ದನಿಗಳ ಸ್ವರ ಬರೆದ ಪುಸ್ತಕ), ಏರಿಯಾ (ಒಬ್ಬರೇ ಹಾಡುವ ಹಾಡು) ಈ ಮೂರು ಸಾಕು. ಮೊದಲ ಸಲ ಬಂದಾಗ ಅದೇ ವಾಕ್ಯದಲ್ಲಿ ಅರ್ಥ ತಿಳಿಯುವ ಹಾಗೆ ಬರೆಯಿರಿ, ಅಡಿಟಿಪ್ಪಣಿ ಬೇಡ.

ತೆಂಕು_ಬಡಗು:

ಭಾಗವತರ ಹೋಲಿಕೆ ತನ್ನಿ, ಧೈರ್ಯವಾಗಿ ತನ್ನಿ. ಆದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎರಡನ್ನೂ ಹೇಳಿ. ಅರ್ಧಕ್ಕೆ ಬಿಟ್ಟರೆ ಯಕ್ಷಗಾನ ಬಲ್ಲವರೂ ಒಪ್ಪುವುದಿಲ್ಲ, ಒಪೆರಾ ಬಲ್ಲವರೂ ಒಪ್ಪುವುದಿಲ್ಲ.

ಹೊಂದುವುದು ಎಂದರೆ, ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ನೋಡಿದವರಿಗೆ ಗೊತ್ತು, ಭಾಗವತರ ಕಣ್ಣು ವೇಷಧಾರಿಯ ಮೇಲೇ ಇರುತ್ತದೆ. ಕುಣಿತಕ್ಕೆ ತಕ್ಕ ಹಾಗೆ ಪದ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಚೆಂಡೆ ಮದ್ದಳೆಯವರು ಅವರ ತಾಳ ನೋಡಿಕೊಂಡು ನಡೆಯುತ್ತಾರೆ. ಇಡೀ ರಾತ್ರಿಯ ಆಟದ ಹದ ಅವರ ಕೈಯಲ್ಲಿ. ಒಪೆರಾ ಕಂಡಕ್ಟರನದೂ ಇದೇ ಜವಾಬ್ದಾರಿ.

ಹೊಂದದ್ದು ಇನ್ನೂ ಮುಖ್ಯ. ಭಾಗವತರು ತಾವೇ ಹಾಡುತ್ತಾರೆ. ಕಂಡಕ್ಟರ್ ಒಂದು ಸ್ವರವನ್ನೂ ಉಂಟುಮಾಡುವುದಿಲ್ಲ. ಪ್ರಸಂಗದಲ್ಲಿ ಪದ್ಯ ಗೊತ್ತುಪಡಿಸಿದ್ದು, ಅರ್ಥ ಆಶುವಾಗಿ ಹುಟ್ಟುವಂಥದ್ದು. ಒಪೆರಾದಲ್ಲಿ ಪ್ರತಿ ವಾದ್ಯದ ಪ್ರತಿ ಸ್ವರವೂ ಅಚ್ಚಾಗಿದೆ. ಹಾಗಾದರೆ ಸ್ವಾತಂತ್ರ್ಯ ಎಲ್ಲಿ? ವೇಗದಲ್ಲಿ, ನಿಲುಗಡೆಯಲ್ಲಿ, ಯಾವ ವಾದ್ಯ ಎಷ್ಟು ಮುಂದೆ ಬರಬೇಕು ಎಂಬುದರಲ್ಲಿ. ಟೋಸ್ಕಾದ ಮೂರನೇ ಅಂಕದಲ್ಲಿ ಸಾವಿನ ಮುಂಚೆ ಚಿತ್ರಕಾರ ಹಾಡುವ ಏರಿಯಾ ನೋಡಿ. ಮೊದಲಿಗೆ ರಾಗ ಇರುವುದು ಕ್ಲಾರಿನೆಟ್‌ನಲ್ಲಿ, ಗಾಯಕ ಒಂದೇ ಸ್ವರದ ಮೇಲೆ ಮಾತಾಡಿದ ಹಾಗೆ ಪದ ಇಡುತ್ತಾನೆ. ಆಮೇಲೆ ಆ ರಾಗವನ್ನು ತಾನೇ ಎತ್ತಿಕೊಳ್ಳುತ್ತಾನೆ. ಕ್ಲಾರಿನೆಟ್‌ಗೆ ಎಷ್ಟು ಸಡಿಲ ಕೊಡಬೇಕು, ಗಾಯಕನ ಮಾತು ಅದಕ್ಕೆ ಎಲ್ಲಿ ಕೂಡಬೇಕು, ಮುಗಿದ ಮೇಲೆ ಚಪ್ಪಾಳೆಗೆ ನಿಲ್ಲಬೇಕೋ ಮುಂದುವರಿಸಬೇಕೋ, ಈ ನಿರ್ಧಾರಗಳು ಕಂಡಕ್ಟರನವು. ಇದು ದೊಡ್ಡ ಅಧಿಕಾರ. ಹೊರಗಿನವರಿಗೆ ಕಾಣುವುದಿಲ್ಲ, ಬರೆದು ಕಾಣಿಸುವುದೇ ನಿಮ್ಮ ಕೆಲಸ.

ಮಲ್ಲೇಶ್ವರ_ಆರ್ಕೈವ್:

ವೃತ್ತಿಜೀವನದ ಭಾಗಕ್ಕೆ ಬರ್ತೀನಿ, ಯಾಕಂದರೆ ಲೇಖನ ಸೊರಗುವುದು ಅಲ್ಲೇ. ಹುದ್ದೆಗಳ ಹೆಸರು ಬರೆಯುತ್ತಾರೆ, ಆ ಹುದ್ದೆ ಹೇಗೆ ಸಿಗುತ್ತದೆ, ಸಿಕ್ಕವನು ಏನು ಮಾಡುತ್ತಾನೆ ಅನ್ನುವುದನ್ನು ಬರೆಯುವುದಿಲ್ಲ.

ಒಪೆರಾ ಕಂಡಕ್ಟರ್ ಆಗುವ ರೂಢಿಯ ದಾರಿ ರಿಹರ್ಸಲ್ ಕೋಣೆಯ ಪಿಯಾನೊದಿಂದ ಶುರುವಾಗುತ್ತದೆ. ಹೊಸ ನಿರ್ಮಾಣಕ್ಕೆ ನಾಲ್ಕರಿಂದ ಆರು ವಾರ ತಾಲೀಮು ಇರುತ್ತದೆ. ಅದರಲ್ಲಿ ಬಹುಪಾಲು ದಿನ ವಾದ್ಯವೃಂದ ಇರುವುದೇ ಇಲ್ಲ, ಒಬ್ಬ ಪಿಯಾನೊ ವಾದಕ ಇಡೀ ಸ್ಕೋರನ್ನು ಹತ್ತು ಬೆರಳಿನಲ್ಲಿ ನುಡಿಸುತ್ತಾನೆ. ಕೊನೆಯ ಹಂತದಲ್ಲಿ ಗಾಯಕರು ಮತ್ತು ವಾದ್ಯವೃಂದ ವೇಷ, ಚಲನೆ ಇಲ್ಲದೆ ಕೂತು ಸಂಗೀತ ಮಾತ್ರ ಒಟ್ಟಿಗೆ ಮಾಡುತ್ತಾರೆ, ಆಮೇಲೆ ರಂಗದ ಮೇಲೆ. ಆ ಪಿಯಾನೊದ ಮುಂದೆ ವರ್ಷಗಟ್ಟಲೆ ಕೂತವನಿಗೆ ಯಾವ ಗಾಯಕಿ ಎಲ್ಲಿ ಉಸಿರು ತೆಗೆಯುತ್ತಾಳೆ ಅನ್ನುವುದು ಬೆರಳಿಗೇ ಗೊತ್ತಿರುತ್ತದೆ. ಲಂಡನ್ನಿನ ರಾಯಲ್ ಒಪೆರಾದಲ್ಲಿ 2002ರಿಂದ 2024ರವರೆಗೆ ಸಂಗೀತ ನಿರ್ದೇಶಕರಾಗಿದ್ದ ಆಂಟೋನಿಯೊ ಪಪ್ಪಾನೊ ಈ ದಾರಿಯವರು. ಗಿಯೋರ್ಗ್ ಶೋಲ್ಟಿಯೂ ಹಾಗೇ. ಬುಡಾಪೆಸ್ಟ್ ಒಪೆರಾದಲ್ಲಿ ತಾಲೀಮು ಮಾಡಿಸುತ್ತಿದ್ದವರಿಗೆ ಮೊಜಾರ್ಟ್‌ನ ಒಪೆರಾ ‘ಫಿಗಾರೊ’ ನಡೆಸಲು ಅವಕಾಶ ಸಿಕ್ಕಿದ್ದು 1938ರ ಮಾರ್ಚ್ 11ರಂದು. ಅದೇ ಸಂಜೆ ಆಸ್ಟ್ರಿಯಾ ಹಿಟ್ಲರನ ವಶವಾಗುತ್ತಿರುವ ಸುದ್ದಿ ಬಂತು. ಯಹೂದಿಯಾದ ಅವರಿಗೆ ಯುದ್ಧ ಮುಗಿಯುವವರೆಗೂ ಯಾವ ಒಪೆರಾ ಮನೆಯ ಹುದ್ದೆಯೂ ಸಿಗಲಿಲ್ಲ.

ಮೆಹ್ತಾ ಈ ದಾರಿಯಲ್ಲಿ ಬಂದವರಲ್ಲ, ಲೇಖನದ ಜೀವ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಅವರು ವಿಯೆನ್ನಾದಲ್ಲಿ ಹಾನ್ಸ್ ಸ್ವರೋವ್ಸ್ಕಿ ಅವರ ಶಿಷ್ಯ, ಡಬಲ್ ಬೇಸ್ ನುಡಿಸುತ್ತಿದ್ದವರು. ದೊಡ್ಡ ಕಂಡಕ್ಟರ್‌ಗಳ ತಾಲೀಮಿಗೆ ಹೊರಗಿನವರಿಗೆ ಪ್ರವೇಶ ಇರಲಿಲ್ಲ. ಮೆಹ್ತಾ ಮತ್ತು ಸಹಪಾಠಿ ಕ್ಲಾಡಿಯೊ ಅಬ್ಬಾದೊ ಇಬ್ಬರೂ ಅಲ್ಲಿನ ಸಿಂಗ್‌ಫೆರೈನ್ ಗಾಯನವೃಂದಕ್ಕೆ ಮಂದ್ರದ ದನಿಯವರಾಗಿ ಸೇರಿಕೊಂಡರು. ಹಾಡುವವರ ಸಾಲಿನಲ್ಲಿ ನಿಂತರೆ ಕಂಡಕ್ಟರನ ಮುಖ, ಕೈ ಎರಡೂ ಎದುರಿಗೇ ಕಾಣುತ್ತದಲ್ಲ! ಹಾಗಾಗಿ ನಿಮ್ಮ ಲೇಖನದಲ್ಲಿ ಕೇಳಬೇಕಾದ ಪ್ರಶ್ನೆ ಇದು: ಸಿಂಫನಿಯಿಂದ ಬಂದ ಮನುಷ್ಯ ಗಾಯಕರ ಉಸಿರಿಗೆ ಹೊಂದಿಕೊಳ್ಳುವುದನ್ನು ಹೇಗೆ ಕಲಿತರು? ಅವರ ಮೊದಲ ಒಪೆರಾ ಮಾಂಟ್ರಿಯಲ್‌ನಲ್ಲಿ, ಅದೂ ಟೋಸ್ಕಾವೇ. ಅಲ್ಲಿಂದ 1992ರ ರೋಮಿಗೆ ಗೆರೆ ಎಳೆಯಿರಿ, ವೃತ್ತಿಜೀವನ ತಾನಾಗಿ ಕಥೆಯಾಗುತ್ತದೆ.

ಮ್ಯೂನಿಕ್ ಬಗ್ಗೆ ಬರೆಯುವಾಗ ಎಚ್ಚರ. ದೊಡ್ಡ ಒಪೆರಾ ಮನೆಗಳು ಮೂರು ನಾಲ್ಕು ವರ್ಷ ಮೊದಲೇ ಗಾಯಕರನ್ನು ಗೊತ್ತು ಮಾಡಿರುತ್ತವೆ. ಹೊಸ ಸಂಗೀತ ನಿರ್ದೇಶಕ ಬಂದ ಮೊದಲ ಒಂದೆರಡು ಸೀಸನ್‌ನಲ್ಲಿ ಕಾಣುವುದರಲ್ಲಿ ಹಿಂದಿನವರ ಆಯ್ಕೆಯೂ ಸಾಕಷ್ಟಿರುತ್ತದೆ. ಜೊತೆಗೆ ಅಲ್ಲಿ ಮನೆಯ ಮುಖ್ಯಸ್ಥ ಬೇರೆ, ಸಂಗೀತ ನಿರ್ದೇಶಕ ಬೇರೆ. ಮೆಹ್ತಾ ಅವಧಿಯಲ್ಲಿ ಮುಖ್ಯಸ್ಥರಾಗಿದ್ದವರು ಪೀಟರ್ ಜೋನಾಸ್. ಎಲ್ಲ ನಿರ್ಧಾರವನ್ನೂ ಮೆಹ್ತಾ ತಲೆಗೆ ಕಟ್ಟಬೇಡಿ.

ಹಾಗೇ, ತಾಳ ಹಾಕುವ ಕೋಲು ಕಾಲಿಗೆ ಬಡಿದುಕೊಂಡು ಸತ್ತ ಸಂಗೀತಗಾರ ಲುಲ್ಲಿಯ ಕಥೆ, ರಿಯೊದಲ್ಲಿ 19ರ ವಯಸ್ಸಿಗೆ ಪುಸ್ತಕ ನೋಡದೆ ‘ಐಡಾ’ ನಡೆಸಿದ ಕಂಡಕ್ಟರ್ ಟೊಸ್ಕಾನಿನಿಯ ಕಥೆ ಎರಡನ್ನೂ ಬಿಡಿ. ನಿಜವಾದ ಘಟನೆಗಳೇ, ಆದರೆ ನಿಮ್ಮ ಲೇಖನದಲ್ಲಿ ಅವಕ್ಕೆ ಕೆಲಸವಿಲ್ಲ. ತಾರೀಖುಗಳಿಗೆ ಮೆಟ್ರೊಪಾಲಿಟನ್ ಒಪೆರಾದವರು ಪ್ರತಿ ಪ್ರದರ್ಶನದ ದಾಖಲೆಯನ್ನು ಅಂತರ್ಜಾಲದಲ್ಲೇ ಇಟ್ಟಿದ್ದಾರೆ, ಹುಡುಕಿ. 1965ರ ಡಿಸೆಂಬರ್ 29ರ ‘ಐಡಾ’ ತೆರೆದರೆ ಆ ರಾತ್ರಿ ಯಾರು ಯಾವ ಪಾತ್ರ ಹಾಡಿದರು ಅಂತ ಪೂರ್ತಿ ಸಿಗುತ್ತದೆ.

ಬಸವನಗುಡಿ_ಬರಹ:

ಎಲ್ಲರಿಗೂ ಧನ್ಯವಾದ. ರೋಮಿನಿಂದ ಶುರು, ಸಿಂಗ್‌ಫೆರೈನ್ ಎರಡನೆಯದು, ಮಾತ್ರೆಯ ಲೆಕ್ಕ ನಡುವೆ. ಮಹಾರಾಜರ ವಿಷಯ ಯಾರೂ ಹೇಳಲಿಲ್ಲ. ಇನ್ನೊಂದು, ಮೆಹ್ತಾ 1998ರಲ್ಲಿ ಬೀಜಿಂಗ್‌ನಲ್ಲಿ ನಡೆಸಿದ ಪುಚ್ಚೀನಿಯ ‘ಟುರಾಂಡೊಟ್’ ಕೂಡ ದೊಡ್ಡ ದೃಶ್ಯವಾಗಿ ಸೇರಿಸಬಹುದಾ?

ಮಲ್ಲೇಶ್ವರ_ಆರ್ಕೈವ್:

ಜಯಚಾಮರಾಜೇಂದ್ರ ಒಡೆಯರ್ ಅವರ ವಿಷಯ ನಮಗೆಲ್ಲ ಹೆಮ್ಮೆಯದು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದದ್ದು ಅವರ ಹಣದ ಬೆಂಬಲದಿಂದ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್. ಆದರೆ ಅದು ಕಛೇರಿ, ಒಪೆರಾ ಅಲ್ಲ, ಮೆಹ್ತಾಗೆ ಸಂಬಂಧವೂ ಇಲ್ಲ. ಎಳೆದು ತಂದರೆ ಓದುಗ ದಾರಿ ತಪ್ಪುತ್ತಾನೆ. ಅದಕ್ಕೇ ಒಂದು ಪೂರ್ತಿ ಲೇಖನ ಬರೆಯಿರಿ, ಓದಲು ಕಾಯುವವರು ಬಹಳ ಜನ ಇದ್ದಾರೆ.

ಪಿಟ್_ಸಾಲು:

ಬೀಜಿಂಗ್ ಸೇರಿಸಿ, ಆದರೆ 80 ಪದ ಮೀರಬೇಡಿ. ಝಾಂಗ್ ಯಿಮೋ ನಿರ್ದೇಶನ, ಚಕ್ರವರ್ತಿಗಳ ಕಾಲದ ಕಟ್ಟಡ, ವೇಷಭೂಷಣ ಅಂತ ವರ್ಣಿಸಲು ಹೊರಟರೆ ಕಂಡಕ್ಟರ್ ಮರೆಯಾಗುತ್ತಾನೆ. ಬದಲಿಗೆ ಇದನ್ನು ಹೇಳಿ: ಇದೇ ಟುರಾಂಡೊಟ್ ಅನ್ನು ಮೆಹ್ತಾ 1972ರಲ್ಲಿ ಲಂಡನ್ ಫಿಲ್ಹಾರ್ಮೋನಿಕ್ ಜೊತೆ ಜೋನ್ ಸದರ್ಲೆಂಡ್, ಪವರೊಟ್ಟಿ ಅವರನ್ನಿಟ್ಟುಕೊಂಡು ಧ್ವನಿಮುದ್ರಣ ಮಾಡಿದ್ದರು. ಸ್ಟುಡಿಯೊದಲ್ಲಿ ತಪ್ಪಿದರೆ ಇನ್ನೊಂದು ಟೇಕ್ ಇದೆ. ಬೀಜಿಂಗ್‌ನದು ಬಯಲು ಪ್ರದರ್ಶನ. ಬಯಲಿನಲ್ಲಿ ಸದ್ದನ್ನು ತಿರುಗಿಸಿ ಕೊಡುವ ಗೋಡೆ, ಸೂರು ಇರುವುದಿಲ್ಲ, ಪಿಟೀಲಿನವರಿಗೆ ಎದುರು ಬದಿಯ ಚೆಲ್ಲೊ ಸರಿಯಾಗಿ ಕೇಳುವುದಿಲ್ಲ. ಆಗ ಎಲ್ಲರೂ ಕೈಯನ್ನೇ ನೋಡಬೇಕು, ಕೈ ಸನ್ನೆ ಚಿಕ್ಕದಾಗಿ, ಚೂಪಾಗಿ ಇರಬೇಕು. ಬೀಜಿಂಗ್‌ನ ವಿಡಿಯೊ, 1972ರ ಆಡಿಯೊ ಎರಡೂ ಸಿಗುತ್ತವೆ. ಒಗಟುಗಳ ದೃಶ್ಯವನ್ನು ಗಡಿಯಾರ ಇಟ್ಟುಕೊಂಡು ಎರಡರಲ್ಲೂ ಅಳೆಯಿರಿ. ಎಷ್ಟು ಸೆಕೆಂಡ್ ವ್ಯತ್ಯಾಸ ಬಂತು, ಯಾವ ಸಾಲಿನಲ್ಲಿ ಬಂತು ಅನ್ನುವುದನ್ನು ಹಾಗೇ ಬರೆದುಬಿಡಿ.